ಬೇಸಿಗೆ ರಜೆ, ಈಜುಕೊಳ ಮತ್ತು ಕೈಯಳತೆಯಲ್ಲಿರಬೇಕಾದ ಮಕ್ಕಳು

ಪ್ರಶ್ನೆ: ನಾವು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿದ್ದೇವೆ. ಮಗಳಿಗೆ ಎಂಟು ವರ್ಷ, ಮಗನಿಗೆ ಮೂರು. ಚಳಿಗಾಲದಲ್ಲಿ ಮುಚ್ಚಿದ್ದ ಈಜುಕೊಳವನ್ನು ಮಾರ್ಚ್‌ನಲ್ಲಿ ತೆರೆದಿದ್ದಾರೆ. ಮಗಳನ್ನು ಬೇಸಿಗೆ ಈಜು ಶಿಬಿರಕ್ಕೆ ಸೇರಿಸಿದ್ದೇವೆ. ಅಕ್ಕ ನೀರಿಗಿಳಿದಾಗಲೆಲ್ಲ ತಮ್ಮನೂ ಹಟ ಹಿಡಿಯುತ್ತಾನೆ. ಅವನಿಗೆ ತೋಳಿಗೆ ತೊಡಿಸುವ ಗಾಳಿಪಟ್ಟಿ ತಂದಿದ್ದೇವೆ. ಅದಿದ್ದರೆ ಹೆದರಬೇಕಾಗಿಲ್ಲ ಎನ್ನುತ್ತಾರೆ ನಮ್ಮ ಯಜಮಾನರು. ಕೊಳದ ಹತ್ತಿರ ಸೆಕ್ಯುರಿಟಿಯವರಿರುತ್ತಾರೆ, ಲೈಫ್‌ಗಾರ್ಡ್ ಇಲ್ಲ. ಮೇ ತಿಂಗಳಲ್ಲಿ ಹೊಳಲ್ಕೆರೆ ಬಳಿಯ ತವರಿಗೆ ಹೋಗುತ್ತೇವೆ. ಅಲ್ಲಿ ಅಣ್ಣ ಅಡಿಕೆ ತೋಟದಲ್ಲಿ ಹೊಸದಾಗಿ ಕೃಷಿಹೊಂಡ ಮಾಡಿಸಿದ್ದಾನೆ. ಮಕ್ಕಳನ್ನು ನೀರಿನಿಂದ ದೂರವೇ ಇಡುವುದು ಮೇಲೋ, ಅಥವಾ ಎಚ್ಚರಿಕೆಯಿಂದ ಇಳಿಸಬಹುದೋ? ಏನಾದರೂ ಅನಾಹುತವಾದರೆ ಆ ಕ್ಷಣದಲ್ಲಿ ಏನು ಮಾಡಬೇಕು?

ಉತ್ತರ: ನಿಮ್ಮ ಇಬ್ಬರು ಮಕ್ಕಳಲ್ಲಿ ಈ ಬೇಸಿಗೆಯಲ್ಲಿ ನನಗೆ ಹೆಚ್ಚು ಚಿಂತೆಯಿರುವುದು ಮೂರು ವರ್ಷದ ಮಗನ ವಿಷಯದಲ್ಲಿ. ಶಿಬಿರದಲ್ಲಿ ಮಗಳು ಯಾವ ಹೊತ್ತಿಗೆ ನೀರಿನಲ್ಲಿರುತ್ತಾಳೆ ಎಂಬುದು ಎಲ್ಲರಿಗೂ ಗೊತ್ತು. ಕೋಚ್ ಎದುರಿಗಿರುತ್ತಾರೆ, ನೀವೂ ಅಂಚಿನಲ್ಲಿ ಕುಳಿತಿರುತ್ತೀರಿ. ಆದರೆ ಅವಳ ತಲೆ ಒರೆಸುತ್ತಿರುವಾಗಲೋ, ಸಂಜೆ ಮನೆಗೆ ನೆಂಟರು ಬಂದು ಎಲ್ಲರೂ ಮಾತಿನಲ್ಲಿ ಮುಳುಗಿರುವಾಗಲೋ ಮಗ ಕೊಳದತ್ತ ನಡೆದರೆ ಅದು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಮನೆಗಳ ಈಜುಕೊಳದಲ್ಲಿ ಐದು ವರ್ಷದೊಳಗಿನ ಮಕ್ಕಳು ಮುಳುಗಿದ ಪ್ರಕರಣಗಳನ್ನು ಹಿಂದೊಮ್ಮೆ ಒಂದೊಂದಾಗಿ ಪರಿಶೀಲಿಸಿತ್ತು. ಅವುಗಳಲ್ಲಿ ಶೇ 69ರಷ್ಟು ಮಕ್ಕಳು ಆ ಹೊತ್ತಿನಲ್ಲಿ ಕೊಳದ ಬಳಿ ಇರಬಹುದೆಂದು ಮನೆಯವರು ಎಣಿಸಿಯೇ ಇರಲಿಲ್ಲ. ಶೇ 77ರಷ್ಟು ಮಕ್ಕಳು ಕಣ್ಣಿಂದ ಮರೆಯಾಗಿ ಐದು ನಿಮಿಷವೂ ದಾಟಿರಲಿಲ್ಲ. ಹೆಚ್ಚಿನ ಮಕ್ಕಳು ಆಗ ತಂದೆ ಅಥವಾ ತಾಯಿಯ ಜೋಪಾನದಲ್ಲೇ ಇದ್ದರು. ಬೇಜವಾಬ್ದಾರಿಯ ಹೆತ್ತವರ ಮಕ್ಕಳಿಗಷ್ಟೇ ಹೀಗಾಗುತ್ತದೆ ಎಂದುಕೊಳ್ಳುವುದು ತಪ್ಪೆಂದು ತೋರಿಸಲು ಇಷ್ಟು ಸಾಕು.

ಜಗತ್ತಿನಲ್ಲಿ 2021ರ ಒಂದೇ ವರ್ಷ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದೂ, ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮ ದೇಶದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕಕ್ಕೆ ಸಿಗುವ ಇಂಥ ಸಾವುಗಳೇ ವರ್ಷಕ್ಕೆ 30 ಸಾವಿರ ಮೀರುತ್ತವೆ. ಇವುಗಳಲ್ಲಿ ಹೆಚ್ಚಿನವು ಕೆರೆ, ಬಾವಿ, ನಾಲೆ, ಹೊಳೆಗಳಲ್ಲಿ ಆಗುವಂಥವು. ಅದರಿಂದಲೇ, ಟೈಲ್ಸ್ ಹಾಕಿದ, ತಳ ಕಾಣುವ ತಿಳಿನೀರಿನ ಈಜುಕೊಳ ಅಪಾಯದ ಜಾಗವೆಂದು ನಗರದ ತಂದೆತಾಯಿಗಳಿಗೆ ಅನ್ನಿಸುವುದಿಲ್ಲ. ಆದರೆ ಮೂರು ವರ್ಷದ ಮಗುವಿನ ಮೈಕಟ್ಟನ್ನು ಸ್ವಲ್ಪ ಯೋಚಿಸಿ. ಮೈಗೆ ಹೋಲಿಸಿದರೆ ಅದರ ತಲೆ ಭಾರ. ಬಗ್ಗಿ ಆಟಿಕೆ ಎತ್ತಿಕೊಳ್ಳಲು ಹೋದರೆ ತಲೆಯೇ ಮೊದಲಾಗಿ ಬೀಳುತ್ತದೆ. ಬಿದ್ದ ಮೇಲೆ ಕುತ್ತಿಗೆ ಎತ್ತಿ, ಮೈ ತಿರುಗಿಸಿ, ಕಾಲೂರಿ ನಿಲ್ಲುವಷ್ಟು ಬಲವಾಗಲಿ ತಿಳಿವಳಿಕೆಯಾಗಲಿ ಅದಕ್ಕಿರುವುದಿಲ್ಲ. ಮೂಗು ಬಾಯಿ ಮುಚ್ಚುವಷ್ಟು ನೀರಿದ್ದರೂ ಜೀವಕ್ಕೆ ಕುತ್ತು. ಮೊಣಕಾಲಷ್ಟೇ ನೀರಿರುವ ಮಕ್ಕಳ ಕೊಳವನ್ನೂ, ಬಚ್ಚಲುಮನೆಯಲ್ಲಿ ತುಂಬಿಟ್ಟ ಬಕೆಟ್ಟನ್ನೂ ನಾನು ಒಂದೇ ಸಾಲಿನಲ್ಲಿಡುವುದು ಈ ಕಾರಣಕ್ಕೆ.

ಇನ್ನೊಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ಬಿಡಿಸಬೇಕು. ಮುಳುಗುವ ಮಗು ಕಿರುಚುತ್ತದೆ, ಕೈ ಬೀಸುತ್ತದೆ, ನೀರು ಬಡಿಯುತ್ತದೆ, ಸದ್ದು ಕೇಳಿ ಓಡಿಹೋದರಾಯಿತು ಎಂದು ನಾವೆಲ್ಲ ನಂಬಿರುತ್ತೇವೆ. ನ್ಯೂಯಾರ್ಕ್‌ನ ಕಡಲತೀರದಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾಂಕ್ ಪಿಯಾ ಎಂಬವರು 1970ರ ದಶಕದಲ್ಲಿ ಮುಳುಗುತ್ತಿರುವವರನ್ನು ಕೂಲಂಕಷವಾಗಿ ಗಮನಿಸಿ ಬರೆದದ್ದು ಇದಕ್ಕೆ ತದ್ವಿರುದ್ಧವಾಗಿದೆ. ನಿಜವಾಗಿ ಮುಳುಗುತ್ತಿರುವವರ ಬಾಯಿ ನೀರಿನಿಂದ ಒಂದರೆಕ್ಷಣ ಮೇಲೆ ಬಂದು ಮತ್ತೆ ಕೆಳಗಿಳಿಯುತ್ತದೆ. ಆ ಅರೆಕ್ಷಣದಲ್ಲಿ ಉಸಿರು ಎಳೆದುಕೊಳ್ಳಲು ಸಮಯವಿದ್ದರೆ ಹೆಚ್ಚು. ಕೂಗಲು ಎಲ್ಲಿಂದ ಬರಬೇಕು? ಕೈಗಳು ಎರಡೂ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಆದ್ದರಿಂದ ಬೀಸಿ ಕರೆಯಲು ಆಗುವುದಿಲ್ಲ. ಮೈ ನೆಟ್ಟಗೆ ನಿಂತಂತಿದ್ದು ಕಾಲುಗಳು ಆಡುವುದಿಲ್ಲ. ಈ ಸ್ಥಿತಿ 20ರಿಂದ 60 ಸೆಕೆಂಡುಗಳವರೆಗೆ ಮಾತ್ರ ಇರುತ್ತದೆ, ಆಮೇಲೆ ತಲೆ ಕೆಳಗೆ ಹೋಗುತ್ತದೆ. ದೂರದಿಂದ ನೋಡಿದವರಿಗೆ ಮಗು ನೀರಿನಲ್ಲಿ ನಿಂತು ಆಡುತ್ತಿದೆಯೆಂದೇ ತೋರುತ್ತದೆ. ಕೊಳದಲ್ಲಿ ಇದ್ದಕ್ಕಿದ್ದಂತೆ ಸುಮ್ಮನಾದ ಮಗುವನ್ನು, ತಲೆ ಹಿಂದಕ್ಕೆ ವಾಲಿ ಬಾಯಿ ನೀರಿನ ಮಟ್ಟದಲ್ಲೇ ಇರುವ ಮಗುವನ್ನು, ಕೂದಲು ಕಣ್ಣಿನ ಮೇಲೆ ಬಿದ್ದಿದ್ದರೂ ಸರಿಸಿಕೊಳ್ಳದ ಮಗುವನ್ನು ಕಂಡರೆ ‘ಏನಾಯಿತು?’ ಎಂದು ಕೂಗಿ ಕೇಳಿ. ಉತ್ತರ ಬರದಿದ್ದರೆ ಮರುಮಾತಿಲ್ಲದೆ ನೀರಿಗಿಳಿದು ಎತ್ತಿಕೊಳ್ಳಿ.

ಹೀಗಿರುವಾಗ ‘ಕಣ್ಣಿಟ್ಟಿದ್ದೇನೆ’ ಎನ್ನುವುದು ಚಿಕ್ಕ ಮಕ್ಕಳಿಗೆ ಸಾಲದು. ಈಜು ಬಾರದ ಯಾವ ಮಗುವೇ ಆಗಲಿ, ಅದು ನೀರಿನಲ್ಲಿರುವಷ್ಟು ಹೊತ್ತೂ ಈಜು ಬಲ್ಲ ಒಬ್ಬ ದೊಡ್ಡವರು ನೀರಿನೊಳಗೇ, ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರದಲ್ಲಿರಬೇಕು. ನಮ್ಮ ಹಳ್ಳಿಗಳಲ್ಲಿ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಬಾವಿಗಿಳಿಸಿ ಈಜು ಕಲಿಸುತ್ತಿದ್ದಾಗ, ಸೋದರಮಾವನೋ ದೊಡ್ಡಪ್ಪನೋ ಆ ಹಗ್ಗದ ತುದಿಯನ್ನು ಕೊನೆಯವರೆಗೂ ಕೈಬಿಡುತ್ತಿರಲಿಲ್ಲ. ಅವರು ಬುರುಡೆಯನ್ನಷ್ಟೇ ನಂಬಿ ಮೆಟ್ಟಿಲ ಮೇಲೆ ಕುಳಿತು ಹರಟುತ್ತಿರಲಿಲ್ಲ ಎಂಬುದನ್ನು ಇವತ್ತಿನ ನಾವು ನೆನಪಿಟ್ಟುಕೊಳ್ಳಬೇಕು. ನಾಲ್ಕಾರು ಮನೆಯವರು ಒಟ್ಟಾಗಿ ಮಕ್ಕಳನ್ನು ಕರೆತಂದ ದಿನ ಅಪಾಯ ಕಡಿಮೆಯಾಗುವ ಬದಲು ಹೆಚ್ಚುತ್ತದೆ, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆಂದುಕೊಳ್ಳುತ್ತಾರೆ. ಅಂಥ ದಿನ ಒಬ್ಬರ ಹೆಸರು ಹಿಡಿದು ಹೊಣೆ ಕೊಡಿ: ‘ಈಗಿನಿಂದ ಕಾಲು ಗಂಟೆ ನೀವು ನೋಡಿಕೊಳ್ಳಿ, ಆಮೇಲೆ ನಾನು.’ ಆ ಕಾಲು ಗಂಟೆ ಅವರ ಕೈಯಲ್ಲಿ ಮೊಬೈಲ್ ಇರಬಾರದು, ತಟ್ಟೆಯಿರಬಾರದು, ಪಕ್ಕದವರೊಡನೆ ಮಾತೂ ಬೇಡ. ಕೈಬದಲಾಯಿಸುವಾಗ ‘ಈಗ ನಿಮ್ಮದು’ ಎಂದು ಬಾಯಿಬಿಟ್ಟು ಹೇಳಿ, ‘ಸರಿ’ ಎಂಬ ಉತ್ತರ ಕೇಳಿಸಿಕೊಂಡು ಹೊರಡಬೇಕು. ಮನೆಯಲ್ಲಿ ಗಂಡಹೆಂಡಿರ ನಡುವೆಯೂ ಇದೇ ಕ್ರಮವಿರಲಿ. ಹಾಗೆಯೇ ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ: ‘ತಮ್ಮನನ್ನು ನೋಡಿಕೋ’ ಎಂದು ಎಂಟು ವರ್ಷದ ಮಗಳಿಗೆ ಒಂದು ನಿಮಿಷದ ಮಟ್ಟಿಗೂ ಹೇಳಬೇಡಿ. ಆ ಹೊಣೆ ಮಗುವಿನದಲ್ಲ, ಮತ್ತು ಏನಾದರೂ ಹೆಚ್ಚುಕಡಿಮೆಯಾದರೆ ಅವಳು ಬದುಕಿಡೀ ಅದನ್ನು ಹೊರಬೇಕಾಗುತ್ತದೆ.

ಇನ್ನು ತೋಳಿನ ಗಾಳಿಪಟ್ಟಿಯ ವಿಚಾರ. ನಿಮ್ಮ ಯಜಮಾನರ ಮಾತನ್ನು ನಾನು ಒಪ್ಪುವುದಿಲ್ಲ. ಗಾಳಿ ತುಂಬುವ ತೋಳುಪಟ್ಟಿ, ಬಾತುಕೋಳಿಯಾಕಾರದ ರಿಂಗು, ತೇಲುವ ಹಾಸಿಗೆ ಇವೆಲ್ಲ ಆಟದ ಸಾಮಾನುಗಳು. ಒದ್ದೆಯಾದ ಚಿಕ್ಕ ತೋಳಿನಿಂದ ಪಟ್ಟಿ ಜಾರುತ್ತದೆ, ಮುಚ್ಚಳ ಸಡಿಲವಾಗಿ ಗಾಳಿ ಇಳಿಯುತ್ತದೆ, ರಿಂಗಿನಲ್ಲಿರುವ ಮಗು ಮುಂದಕ್ಕೆ ಬಾಗಿದರೆ ಮಗುಚಿ ತಲೆ ಕೆಳಗಾಗಿ ಕಾಲು ಮೇಲಾಗುತ್ತದೆ. ಇವುಗಳಿಂದಾಗುವ ದೊಡ್ಡ ಕೇಡೆಂದರೆ, ನೀರಿನಲ್ಲಿ ತಾನಾಗಿಯೇ ತೇಲುತ್ತೇನೆಂಬ ನಂಬಿಕೆ ಮಗುವಿನಲ್ಲಿ ಬೇರೂರುತ್ತದೆ, ಮಗುವಿಗೆ ರಕ್ಷಣೆಯಿದೆಯೆಂಬ ನಂಬಿಕೆ ದೊಡ್ಡವರಲ್ಲಿ. ಪಟ್ಟಿ ಬಿಚ್ಚಿ ಮೈ ಒರೆಸಿದ ಮೇಲೆ ಅದೇ ಮಗು ಅದೇ ಧೈರ್ಯದಲ್ಲಿ ಮತ್ತೆ ನೀರಿಗೆ ಹಾರಬಹುದು. ತೇಲಿಸುವ ಸಾಧನ ಬೇಕೇ ಬೇಕೆಂದಿದ್ದರೆ ಮಗುವಿನ ತೂಕಕ್ಕೆ ತಕ್ಕ, ಎದೆಯ ಮೇಲೆ ಬಕಲ್ ಬೀಳುವ, ಎರಡು ಕಾಲಿನ ನಡುವೆ ಪಟ್ಟಿ ಹಾಯುವ ಲೈಫ್ ಜಾಕೆಟ್ ಕೊಳ್ಳಿ. ಭುಜದ ಬಳಿ ಹಿಡಿದು ಮೇಲಕ್ಕೆ ಎತ್ತಿದಾಗ ಜಾಕೆಟ್ ಕಿವಿಯ ಮಟ್ಟಕ್ಕೆ ಏರಿದರೆ ಅದು ದೊಡ್ಡದಾಯಿತೆಂದು ಅರ್ಥ. ಅದನ್ನು ತೊಡಿಸಿದ ಮೇಲೂ ನೀವು ನೀರಿನಲ್ಲೇ, ಕೈಯಳತೆಯಲ್ಲೇ ಇರಬೇಕು. ಈಜುಡುಗೆ ಕೊಳ್ಳುವಾಗ ತಿಳಿನೀಲಿ, ಬಿಳಿ, ಬೂದು ಬಣ್ಣಗಳನ್ನು ಬಿಟ್ಟು ಕಣ್ಣಿಗೆ ರಾಚುವ ಕಿತ್ತಳೆಯನ್ನೋ ಗಾಢ ಗುಲಾಬಿಯನ್ನೋ ಆರಿಸಿ. ನೀಲಿ ಟೈಲ್ಸಿನ ಮೇಲೆ ತಳದಲ್ಲಿರುವ ನೀಲಿಯುಡುಗೆಯ ಮಗು ಕಾಣಿಸುವುದೇ ಇಲ್ಲ.

ಯಾರೂ ನೋಡದ ಹೊತ್ತಿನಲ್ಲಿ ಮಗುವನ್ನು ಕಾಯುವುದು ಬೇಲಿಯೊಂದೇ. ಆದ್ದರಿಂದ ನಿಮ್ಮ ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲಿ ಮೊದಲು ಎತ್ತಬೇಕಾದ ಪ್ರಶ್ನೆ ಇದು. ಕೊಳದ ನಾಲ್ಕೂ ಬದಿಗೆ ಕನಿಷ್ಠ 4 ಅಡಿ ಎತ್ತರದ ಬೇಲಿ ಇರಬೇಕು. ಕ್ಲಬ್‌ಹೌಸಿನ ಗೋಡೆಯನ್ನೇ ಒಂದು ಬದಿಯೆಂದು ಲೆಕ್ಕ ಹಿಡಿದು ಆ ಬಾಗಿಲನ್ನು ತೆರೆದಿಟ್ಟರೆ ಉಳಿದ ಮೂರು ಬದಿಯ ಬೇಲಿಗೆ ಬೆಲೆಯಿಲ್ಲ. ಸರಳುಗಳ ನಡುವಿನ ಸಂದು 4 ಅಂಗುಲಕ್ಕಿಂತ ಕಡಿಮೆಯಿರಬೇಕು, ಕಾಲಿಟ್ಟು ಹತ್ತಲು ಅಡ್ಡಪಟ್ಟಿಗಳಿರಬಾರದು. ಗೇಟು ಕೊಳದಿಂದ ಹೊರಕ್ಕೆ ತೆರೆದುಕೊಳ್ಳಬೇಕು, ಕೈಬಿಟ್ಟರೆ ತಾನಾಗಿ ಮುಚ್ಚಿ ಚಿಲಕ ಬೀಳಬೇಕು, ಚಿಲಕ ಮಗುವಿನ ಕೈಗೆಟುಕದಂತೆ ಸುಮಾರು ನಾಲ್ಕೂವರೆ ಅಡಿ ಎತ್ತರದಲ್ಲಿರಬೇಕು. ಇದನ್ನು ಪರೀಕ್ಷಿಸುವುದು ಸುಲಭ. ಗೇಟನ್ನು ಒಂದು ಗೇಣಿನಷ್ಟು ಮಾತ್ರ ತೆರೆದು ಕೈಬಿಡಿ. ಪೂರ್ತಿ ತೆರೆದಾಗ ರಭಸಕ್ಕೆ ಮುಚ್ಚಿಕೊಳ್ಳುವ ಎಷ್ಟೋ ಗೇಟುಗಳು ಗೇಣಿನಷ್ಟು ತೆರೆದಾಗ ಚಿಲಕಕ್ಕೆ ತಾಗಿ ಅಲ್ಲಿಯೇ ನಿಂತುಬಿಡುತ್ತವೆ. ಹಾಗಾದರೆ ಸ್ಪ್ರಿಂಗ್ ಬಿಗಿ ಮಾಡಿಸಬೇಕು. ನಾನು ನೋಡಿರುವ ಹಲವು ಕೊಳಗಳಲ್ಲಿ ಗೇಟು ಚೆನ್ನಾಗಿಯೇ ಇರುತ್ತದೆ, ಆದರೆ ಹೋಗಿಬರುವವರಿಗೆ ಅನುಕೂಲವಾಗಲೆಂದು ಅದರ ಕೆಳಗೊಂದು ಇಟ್ಟಿಗೆ ಒತ್ತಿಟ್ಟಿರುತ್ತಾರೆ. ಬೇಲಿಗೆ ತಾಗಿಸಿಟ್ಟ ಹೂಕುಂಡ, ಪ್ಲಾಸ್ಟಿಕ್ ಕುರ್ಚಿಗಳೂ ಮಗುವಿಗೆ ಏಣಿಯೇ. ಆಟ ಮುಗಿದ ಮೇಲೆ ಚೆಂಡು, ಆಟಿಕೆಗಳನ್ನು ನೀರಿನಲ್ಲಿ ತೇಲಲು ಬಿಡದೆ ಎತ್ತಿಡಬೇಕು; ಸಂಜೆ ಬಾಲ್ಕನಿಯಿಂದ ಕಾಣುವ ಆ ಕೆಂಪು ಚೆಂಡೇ ಮಗುವನ್ನು ಕೆಳಗೆ ಕರೆಯುವುದು.

ಸೆಕ್ಯುರಿಟಿಯವರನ್ನು ಜೀವರಕ್ಷಕರೆಂದು ಭಾವಿಸಬೇಡಿ. ಅವರಿಗೆ ಬಹಳ ಕಡೆ ಈಜು ಬರುವುದಿಲ್ಲ, ಆ ಕೆಲಸಕ್ಕೆಂದು ಅವರನ್ನು ನೇಮಿಸಿಯೂ ಇರುವುದಿಲ್ಲ. ಗೇಟಿನಲ್ಲಿ ಬಂದ ಪಾರ್ಸೆಲ್ಲನ್ನೂ ವಾಹನವನ್ನೂ ನೋಡಿಕೊಳ್ಳುವ ಮನುಷ್ಯನಿಂದ ಅದನ್ನು ನಿರೀಕ್ಷಿಸುವುದು ಅವರಿಗೂ ಅನ್ಯಾಯ. ರಜೆಯ ಎರಡು ತಿಂಗಳಾದರೂ ಕೊಳ ತೆರೆದಿರುವ ಹೊತ್ತಿನಲ್ಲಿ ತರಬೇತಿಯಿರುವ ಲೈಫ್‌ಗಾರ್ಡ್ ಒಬ್ಬರಿರಬೇಕೆಂದು ಸಂಘವನ್ನು ಒತ್ತಾಯಿಸಿ. ಅವರಿಲ್ಲದ ಹೊತ್ತಿನಲ್ಲಿ ಗೇಟಿಗೆ ಬೀಗ ಬೀಳಲಿ. ಹಗ್ಗ ಕಟ್ಟಿದ ಒಂದು ರಕ್ಷಣಾ ರಿಂಗು, ಉದ್ದನೆಯ ಕೋಲು, ಆಳವನ್ನು ದೊಡ್ಡದಾಗಿ ಬರೆದ ಫಲಕ ಇವು ಕೊಳದ ಅಂಚಿನಲ್ಲೇ ಇರಬೇಕು. ಸ್ಟೋರ್‌ರೂಮಿನಲ್ಲಿ ಬೀಗ ಹಾಕಿಟ್ಟ ರಿಂಗು ಯಾರ ಜೀವವನ್ನೂ ಉಳಿಸುವುದಿಲ್ಲ. ಅಂಚಿನಲ್ಲಿ ನಿಂತು ನೋಡಿದರೆ ಅತಿ ಆಳದ ಜಾಗದ ಡ್ರೈನ್ ಮುಚ್ಚಳ ಸ್ಪಷ್ಟವಾಗಿ ಕಾಣಬೇಕು. ಕಾಣದಷ್ಟು ನೀರು ಮಸುಕಾಗಿದ್ದರೆ ಅಂದು ಯಾರೂ ಇಳಿಯುವುದು ಬೇಡ. ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8ರ ನಡುವೆ ಇದೆಯೇ ಎಂದು ಪೂಲ್ ನೋಡಿಕೊಳ್ಳುವವರು ದಿನವೂ ಬರೆದಿಡುವ ಪುಸ್ತಕದಲ್ಲಿ ನೋಡಬಹುದು.

ಹೊರಗಿನ ಕಣ್ಣಿಗೆ ಕಾಣದ ಎರಡು ಅಪಾಯಗಳ ಬಗ್ಗೆ ಸಂಘದವರನ್ನು ಕೇಳಲೇಬೇಕು. ಒಂದು, ತಳದ ಡ್ರೈನಿನ ಸೆಳೆತ. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು 2002ರಲ್ಲಿ ಬಿಸಿನೀರಿನ ತೊಟ್ಟಿಯೊಂದರ ಡ್ರೈನಿನ ಸೆಳೆತಕ್ಕೆ ಸಿಕ್ಕಿಬಿದ್ದಳು. ಈಜು ಚೆನ್ನಾಗಿ ಬಲ್ಲ ಹುಡುಗಿಯಾಗಿದ್ದರೂ, ತಾಯಿ ಎಷ್ಟು ಎಳೆದರೂ ಬಿಡಿಸಲಾಗಲಿಲ್ಲ. ಆಕೆಯ ಹೆಸರಿನಲ್ಲೇ ಅಲ್ಲಿ 2007ರಲ್ಲಿ ಕಾನೂನು ಬಂದು, ಸಾರ್ವಜನಿಕ ಕೊಳಗಳಲ್ಲಿ ಸೆಳೆತ ಒಂದೇ ಕಡೆ ಕೂಡದಂತೆ ಮಾಡಿದ ಮುಚ್ಚಳಗಳು ಕಡ್ಡಾಯವಾದವು. ನಿಮ್ಮ ಕೊಳದಲ್ಲಿ ಡ್ರೈನಿನ ಮುಚ್ಚಳ ಒಡೆದಿದ್ದರೆ ಅಥವಾ ಸಡಿಲವಾಗಿದ್ದರೆ ರಿಪೇರಿಯಾಗುವವರೆಗೆ ಕೊಳ ಮುಚ್ಚಿರಬೇಕು. ಪಂಪನ್ನು ತಕ್ಷಣ ನಿಲ್ಲಿಸುವ ಸ್ವಿಚ್ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರಬೇಕು. ಹೆಣ್ಣುಮಕ್ಕಳು ಜಡೆ ಬಿಗಿದು ಟೋಪಿ ಹಾಕಿಕೊಂಡೇ ಇಳಿಯಬೇಕು. ಎರಡನೆಯದು ವಿದ್ಯುತ್ತು. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಈಜುಕೊಳದ ಬಳಿ ವಿದ್ಯುತ್ ಆಘಾತದಿಂದ ಬಾಲಕಿಯೊಬ್ಬಳು ಮೃತಪಟ್ಟ ಸುದ್ದಿ ನೀವು ಓದಿರಬಹುದು. ನೀರಿನೊಳಗಿನ ದೀಪಗಳು 12 ವೋಲ್ಟಿನಂಥ ಕಡಿಮೆ ವೋಲ್ಟೇಜಿನವೇ, ಕೊಳದ ಸರ್ಕ್ಯೂಟಿಗೆ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಹಾಕಿದೆಯೇ, ಅರ್ಥಿಂಗನ್ನು ಈ ವರ್ಷ ಪರೀಕ್ಷಿಸಿದ್ದಾರೆಯೇ ಎಂದು ಕೇಳಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಸಹಿಯಿರುವ ಕಾಗದ ತೋರಿಸಲು ಹೇಳಿ. ತಿಂಗಳುಗಟ್ಟಲೆ ಮುಚ್ಚಿದ್ದ ಕೊಳವನ್ನು ತೆರೆಯುವಾಗ ಇದು ಇನ್ನೂ ಮುಖ್ಯ. ನೀರು ಮುಟ್ಟಿದಾಗ ಜುಂ ಎಂದಿತೆಂದು ಯಾವ ಮಗು ಹೇಳಿದರೂ ಅದನ್ನು ತಮಾಷೆಯೆಂದು ತಳ್ಳಿಹಾಕದೆ ಎಲ್ಲರನ್ನೂ ಮೇಲಕ್ಕೆ ಕರೆದು ಮೇನ್ ಸ್ವಿಚ್ ಆರಿಸಬೇಕು.

ಮಗಳನ್ನು ಶಿಬಿರಕ್ಕೆ ಸೇರಿಸಿರುವುದು ಒಳ್ಳೆಯ ಕೆಲಸ. ಮಕ್ಕಳನ್ನು ನೀರಿನಿಂದ ದೂರವಿಟ್ಟು ಬೆಳೆಸಿದರೆ ಹದಿನೈದನೆಯ ವಯಸ್ಸಿನಲ್ಲಿ ಗೆಳೆಯರೊಡನೆ ಕೆರೆಗೋ ಜಲಪಾತಕ್ಕೋ ಹೋದಾಗ ಅವರಿಗೆ ಏನೂ ತಿಳಿದಿರುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಂದು ವರ್ಷ ತುಂಬಿದ ಮಕ್ಕಳಿಂದಲೇ ಈಜು ಪಾಠದಿಂದ ಪ್ರಯೋಜನವಾಗಬಹುದೆಂದು ಹೇಳುತ್ತದೆ, ಆದ್ದರಿಂದ ಮಗನನ್ನೂ ನಿಮ್ಮಲ್ಲೊಬ್ಬರು ನೀರಿನಲ್ಲಿ ಜೊತೆಗಿರುವ ತರಗತಿಗೆ ಸೇರಿಸಬಹುದು. ಆದರೆ ಒಂದು ತಿಂಗಳ ಶಿಬಿರದ ಕೊನೆಯಲ್ಲಿ ಕೊಡುವ ಪ್ರಮಾಣಪತ್ರ ನೋಡಿ ಈಜು ಬಂತೆಂದು ತೀರ್ಮಾನಿಸಬೇಡಿ. ಕೋಚ್ ಎದುರಿನಲ್ಲಿ ಅವಳನ್ನು ಹೀಗೆ ಪರೀಕ್ಷಿಸಿ: ತಲೆ ಮುಳುಗುವ ಆಳದ ನೀರಿಗೆ ಇಳಿದು ಮತ್ತೆ ಮೇಲೆ ಬರಬೇಕು, ಒಂದು ನಿಮಿಷ ತೇಲುತ್ತಲೋ ನಿಂತಲ್ಲೇ ಕಾಲಾಡಿಸುತ್ತಲೋ ಇರಬೇಕು, ಒಂದು ಸುತ್ತು ತಿರುಗಿ ಹತ್ತುವ ಜಾಗ ಎಲ್ಲಿದೆ ಎಂದು ಕಂಡುಕೊಳ್ಳಬೇಕು, ಅಲ್ಲಿಗೆ ಸುಮಾರು 25 ಗಜ ಈಜಿ, ಏಣಿಯ ಸಹಾಯವಿಲ್ಲದೆ ಅಂಚು ಹಿಡಿದು ಮೇಲೆ ಬರಬೇಕು. ಇವನ್ನೆಲ್ಲ ಒಂದರ ಹಿಂದೆ ಒಂದರಂತೆ ಮಾಡಿದರೆ ಮಾತ್ರ ಈಜುಕೊಳದ ಮಟ್ಟಿಗೆ ಅವಳಿಗೆ ಈಜು ಬರುತ್ತದೆ ಎನ್ನಬಹುದು. ಶಿಬಿರದಲ್ಲಿ ಒಬ್ಬ ಕೋಚ್ ಕೈಕೆಳಗೆ ಎಷ್ಟು ಮಕ್ಕಳಿದ್ದಾರೆಂದು ಎಣಿಸಿ ನೋಡಿ. ಒಬ್ಬರೇ ಇಪ್ಪತ್ತು ಮಕ್ಕಳನ್ನು ನೀರಿಗಿಳಿಸುವ ಶಿಬಿರವಾದರೆ, ಕಟ್ಟಿದ ಹಣ ಹೋದರೂ ಚಿಂತೆಯಿಲ್ಲ, ಬಿಡಿಸಿಬಿಡಿ.

ಈ ವಯಸ್ಸಿನ ಮಕ್ಕಳು ತಾವಾಗಿ ಕಂಡುಕೊಳ್ಳುವ ಒಂದು ಆಟದ ಬಗ್ಗೆ ನನಗೆ ತುಂಬ ಭಯವಿದೆ. ಯಾರು ಹೆಚ್ಚು ಹೊತ್ತು ಉಸಿರು ಕಟ್ಟಿ ನೀರಿನೊಳಗೆ ಕೂರುತ್ತಾರೆಂದು ಪಂದ್ಯ ಕಟ್ಟುತ್ತಾರೆ, ಗೆಲ್ಲಲೆಂದು ಮೊದಲು ಹತ್ತಾರು ಬಾರಿ ಜೋರಾಗಿ ಉಸಿರು ಎಳೆದು ಬಿಡುತ್ತಾರೆ. ಉಸಿರಾಡಬೇಕೆಂಬ ತಹತಹ ನಮಗೆ ಬರುವುದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಜೋರಾಗಿ ಉಸಿರಾಡಿ ಅದನ್ನು ಮೊದಲೇ ಹೊರಹಾಕಿದ ಮಗುವಿಗೆ, ಆಮ್ಲಜನಕ ಮುಗಿಯುತ್ತ ಬಂದರೂ ಆ ತಹತಹ ಬರುವುದಿಲ್ಲ. ಯಾವ ಮುನ್ಸೂಚನೆಯೂ ಇಲ್ಲದೆ ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವ ಮಕ್ಕಳೇ ಇದಕ್ಕೆ ಬಲಿಯಾಗುವುದು. ಹಾಗೆಯೇ 9 ಅಡಿಗಿಂತ ಕಡಿಮೆ ಆಳದ ಕಡೆ ತಲೆ ಮುಂದಾಗಿ ಧುಮುಕುವುದನ್ನು ಪೂರ್ತಿಯಾಗಿ ನಿಷೇಧಿಸಿ, ಏಕೆಂದರೆ ತಳಕ್ಕೆ ತಲೆ ಬಡಿದರೆ ಕುತ್ತಿಗೆಯ ಮೂಳೆ ಮುರಿಯುತ್ತದೆ. ಮೂರ್ಛೆರೋಗವಿರುವ ಮಗುವಿನ ಪಕ್ಕದಲ್ಲಿ, ಈಜು ಬಂದರೂ, ಅದಕ್ಕೆಂದೇ ಒಬ್ಬರು ನೀರಿನಲ್ಲಿರಬೇಕು. ಆಟಿಸಂ ಇರುವ ಹಲವು ಮಕ್ಕಳಿಗೆ ನೀರಿನ ಸೆಳೆತ ಹೆಚ್ಚು, ಹೇಳದೆ ಮನೆಯಿಂದ ಹೊರಡುವ ಸ್ವಭಾವವೂ ಇರಬಹುದು; ಅಂಥ ಮಗು ನಿಮ್ಮ ಬ್ಲಾಕಿನಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಬೇಲಿಯ ವಿಚಾರ ಇನ್ನಷ್ಟು ತುರ್ತಿನದು. ಮಗು ಕಾಣಿಸದೆ ಹೋದಾಗ ಮಂಚದ ಕೆಳಗೆ, ಪಕ್ಕದ ಮನೆಯಲ್ಲಿ ಹುಡುಕುವ ಮುನ್ನ ಕೊಳದ ಬಳಿಗೆ ಓಡಬೇಕು.

ಈಗ ಹೊಳಲ್ಕೆರೆಯ ಮಾತು. ನಿಜ ಹೇಳಬೇಕೆಂದರೆ ನಿಮ್ಮ ಅಪಾರ್ಟ್‌ಮೆಂಟಿನ ಕೊಳಕ್ಕಿಂತ ಅಣ್ಣನ ತೋಟದ ಹೊಂಡ ನನ್ನನ್ನು ಹೆಚ್ಚು ಯೋಚನೆಗೀಡುಮಾಡುತ್ತದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಹೊಲ ತೋಟಗಳಲ್ಲಿ ಇಂಥ ಹೊಂಡಗಳು ಸಾಕಷ್ಟಾಗಿವೆ, ರೈತರಿಗೆ ಅವುಗಳಿಂದ ಆಗಿರುವ ಉಪಕಾರವೂ ದೊಡ್ಡದು. ಸಾಮಾನ್ಯವಾಗಿ ಅವು 3 ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಮೇಲೆ ಕಪ್ಪು ಪಾಲಿಥೀನ್ ಹಾಸು. ಒದ್ದೆಯಾಗಿ ತೆಳುವಾಗಿ ಪಾಚಿ ಹಿಡಿದ ಆ ಹಾಸಿನ ಮೇಲೆ ಒಮ್ಮೆ ಕಾಲಿಟ್ಟರೆ ಜಾರಿಕೆ ನಿಲ್ಲುವುದು ನೀರಿನಲ್ಲೇ. ಕೆರೆಯ ಹಾಗೆ ದಡದ ಹುಲ್ಲಾಗಲಿ ಬಾವಿಯ ಹಾಗೆ ಕಲ್ಲಿನ ಸಂದಾಗಲಿ ಹಿಡಿದುಕೊಳ್ಳಲು ಇಲ್ಲ, ಬೆರಳೂರಿದಷ್ಟೂ ಜಾರುತ್ತದೆ. ಆದ್ದರಿಂದ ಈಜು ಬಲ್ಲ ದೊಡ್ಡವರಿಗೂ ಅಲ್ಲಿಂದ ಮೇಲೆ ಬರುವುದು ಕಷ್ಟ, ಮತ್ತು ಒಬ್ಬರನ್ನು ಎತ್ತಲು ಹೋದ ಇನ್ನೊಬ್ಬರೂ ಹಿಂದೆಯೇ ಜಾರುತ್ತಾರೆ. ಕೃಷಿಹೊಂಡ ಯಾವ ಕಾರಣಕ್ಕೂ ಈಜುಕೊಳವಲ್ಲ. ನಿಮ್ಮ ಮಗಳು ಬೆಂಗಳೂರಿನಲ್ಲಿ ಎಷ್ಟೇ ಚೆನ್ನಾಗಿ ಈಜು ಕಲಿತರೂ ಅದಕ್ಕಿಳಿಯಬಾರದು. ಮಕ್ಕಳು ಊರು ತಲುಪುವ ಮುನ್ನವೇ ಅಣ್ಣನಿಗೆ ಫೋನ್ ಮಾಡಿ ಸುತ್ತ ತಂತಿಬೇಲಿ ಹಾಕಿಸಿ ಬೀಗವಿರುವ ಗೇಟು ಇಡಲು ಹೇಳಿ. ಬೇಲಿಯೂ ಕೃಷಿ ಭಾಗ್ಯದ ಘಟಕಗಳಲ್ಲಿ ಒಂದಾಗಿರುವುದರಿಂದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಅದರ ಜೊತೆಗೆ ನಾಲ್ಕೂ ಬದಿಯಲ್ಲಿ ದಡದ ಮೇಲೆ ಗಟ್ಟಿ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ನೀರಿನೊಳಗಿನವರೆಗೆ ಇಳಿಬಿಡಲಿ. ಗಾಳಿ ತುಂಬಿದ ಲಾರಿ ಟ್ಯೂಬೊಂದನ್ನು ಹಗ್ಗ ಕಟ್ಟಿ ಬೇಲಿಗೆ ತಗುಲಿಸಿಡಲಿ. ಇದಕ್ಕೆ ತಗಲುವ ಖರ್ಚು ತೋಟಕ್ಕೆ ಒಂದು ಸಲ ಔಷಧಿ ಹೊಡೆಸುವಷ್ಟೂ ಆಗಲಿಕ್ಕಿಲ್ಲ.

ನೀರಿಗೆ ಬಿದ್ದವರನ್ನು ಕಂಡಾಗ ಹಿಂದೆಮುಂದೆ ನೋಡದೆ ಹಾರುವುದು ಮನುಷ್ಯಸಹಜ, ಅದರಿಂದಲೇ ಒಂದು ಸಾವು ಮೂರಾಗುತ್ತದೆ. 2024ರ ನವೆಂಬರ್‌ನಲ್ಲಿ ಮಂಗಳೂರು ಸಮೀಪದ ಉಚ್ಚಿಲದ ರೆಸಾರ್ಟ್ ಒಂದರ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಹೀಗೆಯೇ ತೀರಿಕೊಂಡರು. ಆಳಕ್ಕೆ ಸಿಕ್ಕ ಗೆಳತಿಯನ್ನು ಉಳಿಸಲು ಹೋದವರಿಗೂ ಈಜು ಬರುತ್ತಿರಲಿಲ್ಲ. ಮೊದಲು ಕೂಗಿ ಜನ ಸೇರಿಸಿ. ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೋಲನ್ನೋ ಟವೆಲನ್ನೋ ವೇಲನ್ನೋ ಚಾಚಿ. ಎಟುಕದಿದ್ದರೆ ರಿಂಗು, ಟ್ಯೂಬು, ಮುಚ್ಚಳ ಬಿಗಿದ ಖಾಲಿ ಕ್ಯಾನು, ತೇಲುವ ಯಾವುದನ್ನಾದರೂ ಎಸೆಯಿರಿ. ಹಳ್ಳಿಯಲ್ಲಾದರೆ ಸೀರೆಗಿಂತ ಉದ್ದದ ಹಗ್ಗ ಬೇರೆ ಹುಡುಕಬೇಕಾಗಿಲ್ಲ. ಈಜು ಬಾರದವರು ಆಳಕ್ಕೆ ಇಳಿಯಲೇಬಾರದು. ಈ ಮಾತನ್ನು ಮಗಳಿಗೂ ಹೇಳಿಕೊಡಿ: ತಮ್ಮ ಬಿದ್ದರೆ ಅವಳು ಮಾಡಬೇಕಾದದ್ದು ಕೂಗುವುದು, ಏನನ್ನಾದರೂ ಎಸೆಯುವುದು, ದೊಡ್ಡವರ ಬಳಿ ಓಡುವುದು.

ಮಗುವನ್ನು ಮೇಲೆ ತಂದ ನಂತರದ ನಿಮಿಷಗಳಲ್ಲಿ ನಮ್ಮಲ್ಲಿ ನಡೆಯುವ ಕೆಲವು ಪದ್ಧತಿಗಳು ಜೀವಕ್ಕೇ ಎರವಾಗುತ್ತವೆ. ಕಾಲು ಹಿಡಿದು ತಲೆಕೆಳಗಾಗಿ ನೇತುಹಾಕುವುದು, ತಲೆಯ ಮೇಲಿಟ್ಟುಕೊಂಡು ಗಿರಗಿರನೆ ಸುತ್ತುವುದು, ನೀರು ಹೊರಬರಲೆಂದು ಹೊಟ್ಟೆ ಒತ್ತುವುದು ಇವು ಯಾವುವೂ ಬೇಡ. ಶ್ವಾಸಕೋಶಕ್ಕೆ ಹೋದ ನೀರು ಸಾಮಾನ್ಯವಾಗಿ ಸ್ವಲ್ಪವೇ. ಹೊಟ್ಟೆ ಒತ್ತಿದಾಗ ಬರುವುದು ಜಠರದಲ್ಲಿರುವ ನೀರು ಮತ್ತು ಊಟ, ಅದು ಮತ್ತೆ ಶ್ವಾಸನಾಳಕ್ಕೆ ಇಳಿಯುತ್ತದೆ. ಮುಳುಗಿದ ಮಗುವಿಗೆ ಕೊರತೆಯಾಗಿರುವುದು ಉಸಿರು, ಆದ್ದರಿಂದ ಮೊದಲು ಉಸಿರನ್ನೇ ಕೊಡಬೇಕು. ಕರೆದರೂ ಅಲುಗಿಸಿದರೂ ಎಚ್ಚರವಾಗದೆ, ಸಹಜವಾಗಿ ಉಸಿರಾಡದೆ ಇದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಇನ್ನೊಬ್ಬರಿಗೆ 108 ಅಥವಾ 112ಕ್ಕೆ ಕರೆಮಾಡಲು ಹೇಳಿ; ಒಬ್ಬರೇ ಇದ್ದರೆ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಳ್ಳಿ. ಹಣೆಯ ಮೇಲೆ ಒಂದು ಕೈಯಿಟ್ಟು ಗಲ್ಲವನ್ನು ಮೇಲಕ್ಕೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಯಿಟ್ಟು ಎದೆ ಏಳುವಷ್ಟು ಉಸಿರನ್ನು ನಿಧಾನವಾಗಿ ಊದಿ. ಯುರೋಪಿನ ಮಾರ್ಗಸೂಚಿ ಆರಂಭದಲ್ಲಿ 5 ಬಾರಿ ಎನ್ನುತ್ತದೆ, ಅಮೆರಿಕದ್ದು 2 ಬಾರಿ; ಎರಡೂ ಒಪ್ಪುವ ಮಾತು ಉಸಿರು ಮೊದಲು ಎಂಬುದು. ಆಮೇಲೆ ಎದೆಯ ನಡುವಿನ ಮೂಳೆಯ ಕೆಳಭಾಗದ ಮೇಲೆ, ಮೂರು ವರ್ಷದ ಮಗುವಾದರೆ ಒಂದು ಅಂಗೈ, ದೊಡ್ಡ ಮಕ್ಕಳಿಗೆ ಎರಡು, ಇಟ್ಟು ಎದೆಯ ದಪ್ಪದ ಮೂರನೆಯ ಒಂದು ಭಾಗ, ಅಂದರೆ ಸುಮಾರು 5 ಸೆಂಟಿಮೀಟರ್ ಇಳಿಯುವಂತೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, ಮತ್ತೆ 2 ಬಾರಿ ಉಸಿರು ಕೊಡಿ. ಮಗು ಉಸಿರಾಡುವವರೆಗೆ ಅಥವಾ ಆಂಬುಲೆನ್ಸ್‌ನವರು ಕೈಗೆ ತೆಗೆದುಕೊಳ್ಳುವವರೆಗೆ ಇದೇ ಸುತ್ತು ನಡೆಯಲಿ. ನಡುವೆ ವಾಂತಿಯಾದರೆ ಪಕ್ಕಕ್ಕೆ ತಿರುಗಿಸಿ ಬಾಯಿ ಒರೆಸಿ ಮುಂದುವರಿಸಿ. ಪಕ್ಕೆಲುಬಿಗೆ ಪೆಟ್ಟಾದೀತೆಂದು ಹೆದರಿ ಮೆಲ್ಲಗೆ ಒತ್ತಬೇಡಿ.

ಕೃತಕ ಉಸಿರು ಕೊಟ್ಟು ಚೇತರಿಸಿಕೊಂಡ ಮಗು ಎದ್ದು ಕುಳಿತು ಮಾತನಾಡಿದರೂ ಆಸ್ಪತ್ರೆಗೆ ಹೋಗಲೇಬೇಕು. ನೀರು ಕುಡಿದು ಕೆಮ್ಮಿ ಸುಮ್ಮನಾದ ಮಗುವನ್ನು ಮನೆಯಲ್ಲೇ ಗಮನಿಸಬಹುದು; ಕೆಮ್ಮು ನಿಲ್ಲದಿದ್ದರೆ, ಉಸಿರು ವೇಗವಾದರೆ, ಪಕ್ಕೆ ಒಳಕ್ಕೆಳೆದುಕೊಂಡರೆ, ತುಟಿ ಕಪ್ಪಿಟ್ಟರೆ, ಎಂದಿಲ್ಲದ ತೂಕಡಿಕೆ ಅಥವಾ ಮತ್ತೆಮತ್ತೆ ವಾಂತಿ ಕಂಡರೆ ತಡಮಾಡಬೇಡಿ. ತೊಂದರೆಯಾಗುವುದಿದ್ದರೆ ಸಾಮಾನ್ಯವಾಗಿ ಮೊದಲ ಎಂಟು ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತದೆ. ಆರೋಗ್ಯವಾಗಿ ಆಡಿಕೊಂಡಿದ್ದ ಮಗು ಈಜಿದ ವಾರದ ನಂತರ ‘ಒಣ ಮುಳುಗಡೆ’ಯಿಂದ ಸತ್ತಿತೆಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಂದೇಶಗಳನ್ನು ನಂಬಿ ನಿದ್ದೆಗೆಡಬೇಕಾಗಿಲ್ಲ.

ಕೊನೆಯದಾಗಿ, ಮೇಲೆ ಬರೆದ ಪ್ರಥಮ ಚಿಕಿತ್ಸೆಯನ್ನು ಓದಿ ಕಲಿಯಲು ಆಗುವುದಿಲ್ಲ, ಗೊಂಬೆಯ ಎದೆಯ ಮೇಲೆ ಕೈಯಿಟ್ಟು ಒತ್ತಿ ನೋಡಬೇಕು. ರೆಡ್‌ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಇದನ್ನು ಕಲಿಸುತ್ತವೆ, ದೊಡ್ಡ ಆಸ್ಪತ್ರೆಗಳಲ್ಲಿಯೂ ವ್ಯವಸ್ಥೆಯಿರುತ್ತದೆ. ಸಂಘದಿಂದ ಕೇಳಿದರೆ ಅಪಾರ್ಟ್‌ಮೆಂಟಿಗೇ ಬಂದು ಕಲಿಸುವವರೂ ಇದ್ದಾರೆ. ಅದನ್ನು ಏಪ್ರಿಲ್ ಮೊದಲ ವಾರದಲ್ಲೇ ಇಟ್ಟುಕೊಳ್ಳಿ. ನೀವು, ನಿಮ್ಮ ಯಜಮಾನರು, ಸೆಕ್ಯುರಿಟಿಯವರು, ಮಗುವನ್ನು ನೋಡಿಕೊಳ್ಳುವ ಆಯಾ ಇದ್ದರೆ ಅವರು, ಎಲ್ಲರೂ ಕೂರಲಿ. ಊರಿನಲ್ಲಿರುವ ಅಣ್ಣ ಅತ್ತಿಗೆಯರಿಗೆ ನೀವೇ ಹೋಗಿ ತೋರಿಸಿಕೊಡಬಹುದು.